ಒಂದ್ ಬೀಜ ಉಳ್ಕಂತೈತೆ, ಮಿಸ್

ನಮ್ಮ ತುಮಕೂರು ಸೀಮೆಯಲ್ಲಿ ಹುಣಸೆ ಬೀಜಕ್ಕೆ ಬರವಿಲ್ಲ. ಶಿವರಾತ್ರಿ ಹತ್ತಿರ ಬಂತು ಅಂದರೆ ಊರಿನ ಅರ್ಧ ಮನೆಗಳ ಜಗುಲಿಯಲ್ಲಿ ಹೆಂಗಸರು ಕೂತು ಹುಣಸೆಹಣ್ಣು ಕುಟ್ಟುತ್ತಿರುತ್ತಾರೆ. ಹಣ್ಣು ಮಂಡಿಗೆ, ಬೀಜ ಮೂಟೆಗೆ. ಅದರಲ್ಲಿ ಒಂದೆರಡು ಬೊಗಸೆ ಬೀಜ ಶಾಲೆಗೂ ಬರುತ್ತದೆ. ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸಲು ಅದಕ್ಕಿಂತ ಒಳ್ಳೆಯ ಸಾಮಾನು ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಲಿಕಲಿ ಕೊಠಡಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ. ಮೂರನೇ ತರಗತಿಯ ಒಂದು ಹುಡುಗಿ ಮೂಲೆಯಲ್ಲಿ ಬೀಜ ಹರಡಿಕೊಂಡು ಕೂತಿದ್ದಳು. ಅವಳಿಗೆ ನಾನು ಕೊಟ್ಟಿದ್ದು ಕೂಡುವ ಲೆಕ್ಕದ ಕಾರ್ಡು. ಅದನ್ನು ಪಕ್ಕಕ್ಕೆ ಇಟ್ಟಿದ್ದಳು. ಬೀಜಗಳನ್ನು ಸಾಲಾಗಿ ಜೋಡಿಸುವುದು, ಕೆಡಿಸುವುದು, ಮತ್ತೆ ಜೋಡಿಸುವುದು. ನಾನು ಹತ್ತಿರ ಹೋದೆ. ತಲೆ ಎತ್ತಿ ನೋಡಿದಳು.

“ಮಿಸ್, ಹನ್ನೆರ್ಡು ಬೀಜ ಚೆಂದಾಗಿ ಸಾಲಾಗ್ತೈತೆ. ಎರಡೆರ್ಡು ಇಟ್ರೂ ಆಗ್ತೈತೆ, ಮೂರ್‌ಮೂರು ಇಟ್ರೂ ಆಗ್ತೈತೆ, ನಾಕ್‌ನಾಕು ಇಟ್ರೂ ಆಗ್ತೈತೆ. ಹದ್ಮೂರು ಆಗಲ್ಲ. ಎರಡೆರ್ಡು ಇಟ್ರೂ ಒಂದ್ ಬೀಜ ಉಳ್ಕಂತೈತೆ, ಮೂರ್‌ಮೂರು ಇಟ್ರೂ ಒಂದೇ, ನಾಕ್‌ನಾಕು ಇಟ್ರೂ ಒಂದೇ.”

ನಾನು ಹೇಳಿದ್ದು ಇಷ್ಟು: “ಕಾರ್ಡ್ ಮುಗಿಸಿದ್ಯಾ? ಮೊದ್ಲು ಅದನ್ನ ಮುಗ್ಸು. ಬೀಜ ಆಟ ಆಡೋಕೆ ಕೊಟ್ಟಿಲ್ಲ.”

ಅವಳು ಬೀಜಗಳನ್ನು ಡಬ್ಬಕ್ಕೆ ತುಂಬಿದಳು. ಕಾರ್ಡು ತೆಗೆದುಕೊಂಡಳು. ಅಲ್ಲಿಗೆ ಮುಗಿಯಿತು.

ಎಂಟು ವರ್ಷದ ಮಗು ಯಾರೂ ಹೇಳಿಕೊಡದೆ ಅವಿಭಾಜ್ಯ ಸಂಖ್ಯೆಯ ಬಾಗಿಲಿಗೆ ಬಂದು ನಿಂತಿತ್ತು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಪೂರ್ತಿ ಭಾಗವಾಗದ ಸಂಖ್ಯೆ ಅದು. ನಮ್ಮ ಪಠ್ಯದಲ್ಲಿ ಅದು ಬರುವುದು ಕೆಲವು ವರ್ಷ ಆದಮೇಲೆ. ನಾನು ಆ ಬಾಗಿಲನ್ನು ಮುಚ್ಚಿ, ಕೂಡುವ ಲೆಕ್ಕಕ್ಕೆ ವಾಪಸ್ ಕಳಿಸಿದೆ. ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಇದು ಹೊಳೆಯಿತು ಅಂದರೆ ಸುಳ್ಳಾಗುತ್ತದೆ. ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಚುರುಕು ಮಕ್ಕಳನ್ನು ಸರ್ಕಾರಿ ಶಾಲೆ ಹೇಗೆ ಗುರುತಿಸುತ್ತದೆ, ಗುರುತಿಸಿದ ಮೇಲೆ ಅವರಿಗೆ ಏನು ಕೊಡುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಹದಿಮೂರು ಬೀಜ.

ನಾನು ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಪ್ರತಿ ವರ್ಷ ಐದನೇ ತರಗತಿಯಲ್ಲಿ ನವೋದಯ ಪರೀಕ್ಷೆಗೆ ಅರ್ಜಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಯಾರಿಂದ ಹಾಕಿಸುವುದು? ಇಂಥವರೇ ಹಾಕಬೇಕು ಅಂತ ನಿಯಮ ಇಲ್ಲ. ಯಾವ ಮಗು ಬೇಕಾದರೂ ಹಾಕಬಹುದು, ಶುಲ್ಕವೂ ಇಲ್ಲ. ಆದರೆ ಅರ್ಜಿಗೆ ಮುಖ್ಯ ಶಿಕ್ಷಕರ ಸಹಿ ಬೇಕು, ಫೋಟೋ ಬೇಕು, ಕಂಪ್ಯೂಟರ್ ಅಂಗಡಿಗೆ ಹೋಗಬೇಕು. ಹಳ್ಳಿಯಲ್ಲಿ ಟೀಚರ್ ಹೇಳದೆ ಅಪ್ಪ ಅಮ್ಮ ಅಲ್ಲಿಯವರೆಗೆ ಹೋಗುವುದು ಕಡಿಮೆ. ಹಾಗಾಗಿ ನಿಜವಾದ ಮೊದಲ ಪರೀಕ್ಷೆ ನಡೆಯುವುದು ನನ್ನ ತಲೆಯಲ್ಲಿ. ನಾನು ಯಾರ ಹೆಸರು ಹೇಳುತ್ತೇನೋ ಅವರೇ ಹೋಗುತ್ತಾರೆ.

ನನ್ನ ಪಟ್ಟಿಯಲ್ಲಿ ಯಾರಿರುತ್ತಿದ್ದರು? ಅಕ್ಷರ ಮುತ್ತಿನಂತೆ ಇರುವವರು. ಮಗ್ಗಿ ತಡವರಿಸದೆ ಹೇಳುವವರು. ಕೇಳಿದ ತಕ್ಷಣ ಕೈ ಎತ್ತುವವರು. ತಪ್ಪದೆ ಬರುವವರು. ಅವರೆಲ್ಲ ಒಳ್ಳೆಯ ಮಕ್ಕಳೇ, ಅದರಲ್ಲಿ ಅನುಮಾನವಿಲ್ಲ. ಆದರೆ ಚುರುಕು ಅಂದರೆ ಇದೇನಾ ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬೀಜದ ಹುಡುಗಿ ಈ ಪಟ್ಟಿಗೆ ಬರುವ ಮಾತೇ ಇರಲಿಲ್ಲ. ಅಮ್ಮ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿ, ಅವಳ ತಮ್ಮ ಅಜ್ಜಿಯ ಜೊತೆ ಊರಲ್ಲಿ. ಹುಣಸೆ ಕಾಲದಲ್ಲಿ ವಾರಕ್ಕೆ ಎರಡು ದಿನ ಬಂದರೆ ಜಾಸ್ತಿ. ಅಕ್ಷರ ಕಾಗೆ ಕಾಲು. ಬಾಯಲ್ಲಿ ಹಟ್ಟಿಯ ಮಾತು.

ನವೋದಯದ ಬಗ್ಗೆ ಸ್ವಲ್ಪ ಹೇಳಬೇಕು. ಹಳ್ಳಿಯ ಚುರುಕು ಮಗುವಿಗಾಗಿಯೇ ಸರ್ಕಾರ ಕಟ್ಟಿದ ಶಾಲೆಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ. 1985-86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಿಂದ ಶುರುವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಜಿಲ್ಲೆಗೊಂದು ಶಾಲೆ ಅನ್ನುವ ಯೋಚನೆ ಗಟ್ಟಿಯಾಯಿತು. ಇವತ್ತು ದೇಶದಲ್ಲಿ 650ಕ್ಕೂ ಹೆಚ್ಚು ನವೋದಯಗಳಿವೆ. ಆರನೇ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಕಡೇಪಕ್ಷ ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. ಒಂಬತ್ತನೇ ತರಗತಿಯಲ್ಲಿ ಒಂದಷ್ಟು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಿ ಓದುತ್ತಾರೆ. ಕನ್ನಡದ ಹಳ್ಳಿಯ ಮಗು ಹಿಂದಿ ಸೀಮೆಯಲ್ಲಿ ಒಂದು ವರ್ಷ ಇದ್ದು ಬರುವುದು ಅಂದರೆ ಸಣ್ಣ ಮಾತಲ್ಲ.

ನಮ್ಮ ಶಾಲೆಯಿಂದ ನನ್ನ ಕಾಲದಲ್ಲಿ ಒಬ್ಬ ಹುಡುಗ ಆಯ್ಕೆಯಾದ. ಅವರಪ್ಪ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದರು. ಹೊಸ ಟ್ರಂಕಿನ ಮೇಲೆ ಮಗನ ಹೆಸರನ್ನು ಪೇಂಟಿನಲ್ಲಿ ಬರೆಸಿಕೊಂಡು, ಬಸ್ಸಿಗೆ ಹತ್ತುವ ಮುಂಚೆ ಶಾಲೆಯ ಮುಂದೆ ತಂದು ಇಳಿಸಿ ತೋರಿಸಿದರು. ಆ ಟ್ರಂಕಿನ ಹಸಿರು ಬಣ್ಣ ಇನ್ನೂ ಕಣ್ಣ ಮುಂದಿದೆ. ಅವನು ಈಗ ಇಂಜಿನಿಯರ್. ಆ ಶಾಲೆ ಇಲ್ಲದಿದ್ದರೆ ಅಲ್ಲಿಗೆ ಹೋಗುತ್ತಿದ್ದನೋ ಇಲ್ಲವೋ. ಆದ್ದರಿಂದ ನಾನು ಮುಂದೆ ಹೇಳುವ ಯಾವ ಮಾತನ್ನೂ ನವೋದಯ ಬೇಡ ಅಂತ ಓದಬೇಡಿ. ಬೇಕು. ಇನ್ನೂ ಜಾಸ್ತಿ ಬೇಕು.

ಪರೀಕ್ಷೆಯೂ ಕೆಟ್ಟದ್ದಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಅದರ 40 ಪ್ರಶ್ನೆಗಳಲ್ಲೂ ಬರೀ ಚಿತ್ರ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ. ಓದು ಬರಹ ಕಡಿಮೆ ಇರುವ ಮನೆಯ ಮಗುವಿಗೂ ಇದು ಸಮಾನ ಅವಕಾಶ ಕೊಡಲಿ ಅಂತ ಮಾಡಿದ್ದು. ಉಳಿದ ಅರ್ಧದಲ್ಲಿ ಲೆಕ್ಕ 20 ಪ್ರಶ್ನೆ, ಭಾಷೆ 20 ಪ್ರಶ್ನೆ. ಕನ್ನಡದಲ್ಲೇ ಬರೆಯಬಹುದು.

ತೊಂದರೆ ಎಲ್ಲಿ ಅಂದರೆ, ದೇಶದಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅರ್ಜಿ ಹಾಕುತ್ತಾರೆ. ಸೀಟು 50 ಸಾವಿರದ ಆಸುಪಾಸು. ಇಷ್ಟು ಇಕ್ಕಟ್ಟಾದ ಮೇಲೆ ಕೋಚಿಂಗ್ ಬಾರದೆ ಇರುತ್ತದಾ? ಪೇಟೆಗಳಲ್ಲಿ ನವೋದಯ ಗೈಡು, ನವೋದಯ ತರಗತಿ. ವಿಜಯಪುರ, ಧಾರವಾಡದ ಕಡೆ ನವೋದಯ, ಸೈನಿಕ ಶಾಲೆ ಪರೀಕ್ಷೆಗೆಂದೇ ಹಾಸ್ಟೆಲ್ ಇಟ್ಟು ತಯಾರು ಮಾಡುವ ಕೇಂದ್ರಗಳಿವೆ. ಹತ್ತು ವರ್ಷದ ಮಗು ಬೆಳಿಗ್ಗೆ ಐದಕ್ಕೆ ಎದ್ದು ಕನ್ನಡಿ ಬಿಂಬದ ಪ್ರಶ್ನೆ ಬಿಡಿಸುತ್ತದೆ. ಹಳ್ಳಿಯ ಸೀಟು ಅಂದರೆ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು ಅಷ್ಟೇ. ಅದು ಸರ್ಕಾರಿ ಶಾಲೆಯೇ ಆಗಬೇಕಿಲ್ಲ. ಊರಾಚೆಯ ಕಾನ್ವೆಂಟಿನ ಮಗುವೂ ಹಳ್ಳಿ ಮಗುವೇ. ಚಿತ್ರದ ಪ್ರಶ್ನೆಯನ್ನು ಆ ದಿನವೇ ಮೊದಲ ಸಲ ನೋಡುವ ಮಗು, ಅಂಥ ಎರಡು ಸಾವಿರ ಪ್ರಶ್ನೆ ಬಿಡಿಸಿ ಬಂದ ಮಗುವಿನ ಪಕ್ಕದಲ್ಲಿ ಕೂರುತ್ತದೆ. ಮತ್ತೆ ಇದು ಜೀವಮಾನದಲ್ಲಿ ಒಂದೇ ಸಲ. ಎರಡನೇ ಪ್ರಯತ್ನಕ್ಕೆ ಅವಕಾಶವಿಲ್ಲ.

ಹೀಗೆ ಇದ್ದಾಗ ನಾನು ಫ್ಲಾರಿಡಾದ ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಚುರುಕು ಮಕ್ಕಳಿಗೆಂದೇ ಬೇರೆ ತರಗತಿ ನಡೆಸುವ ರೂಢಿ ಬಹಳ ಕಡೆ ಇದೆ. ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಅಂಥ ತರಗತಿಗೆ ಮೊದಲು ಟೀಚರ್ ಅಥವಾ ಅಪ್ಪ ಅಮ್ಮ ಮಗುವಿನ ಹೆಸರು ಸೂಚಿಸಬೇಕಿತ್ತು. ಆಮೇಲೆ ಬುದ್ಧಿ ಪರೀಕ್ಷೆ. 2005ರ ಸುಮಾರಿಗೆ ಅವರು ಒಂದು ಬದಲಾವಣೆ ಮಾಡಿದರು. ಯಾರೂ ಹೆಸರು ಹೇಳುವುದು ಬೇಡ, ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಚಿತ್ರಗಳ ಒಂದು ಸಣ್ಣ ಪರೀಕ್ಷೆ ಕೊಡೋಣ, ಅದರಲ್ಲಿ ಚೆನ್ನಾಗಿ ಮಾಡಿದವರನ್ನು ಮುಂದಿನ ಪರೀಕ್ಷೆಗೆ ಕಳಿಸೋಣ ಅಂತ. ಡೇವಿಡ್ ಕಾರ್ಡ್, ಲಾರಾ ಜೂಲಿಯಾನೋ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ತೆಗೆದು 2016ರಲ್ಲಿ ಪ್ರಕಟಿಸಿದರು. ಕಾರ್ಡ್ ಅವರಿಗೆ ಆಮೇಲೆ 2021ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಬಂತು. ಅರ್ಹತೆಯ ಗೆರೆಯನ್ನು ಒಂದು ಕೂದಲೆಳೆಯಷ್ಟೂ ಇಳಿಸಿರಲಿಲ್ಲ. ಆದರೂ ಆಯ್ಕೆಯಾದ ಬಡ ಮಕ್ಕಳು, ಕಪ್ಪು ಮಕ್ಕಳು, ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳ ಸಂಖ್ಯೆ ತುಂಬಾ ಏರಿತು. ಅಂದರೆ ಆ ಮಕ್ಕಳು ಮೊದಲೂ ಅಲ್ಲೇ ಇದ್ದರು. ಬೆಂಚಿನ ಮೇಲೆ ಕೂತಿದ್ದರು. ಟೀಚರಿಗೆ ಕಂಡಿರಲಿಲ್ಲ. ಮುಂದೆ ದುಡ್ಡಿನ ಮುಗ್ಗಟ್ಟು ಬಂದು ಆ ಪರೀಕ್ಷೆಯನ್ನು ನಿಲ್ಲಿಸಿದಾಗ ಹಳೆಯ ಅಂತರವೇ ಮತ್ತೆ ತಲೆಯೆತ್ತಿತು.

ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಟೀಚರಿಗೆ ಕಂಡಿರಲಿಲ್ಲ ಅನ್ನುವುದು ನನ್ನ ಬಗ್ಗೆಯೇ ಬರೆದ ಹಾಗಿತ್ತು.

ಮರುವಾರ ನವೋದಯದ ಹಳೆಯ ಪ್ರಶ್ನೆಪತ್ರಿಕೆಗಳಿಂದ 20 ಚಿತ್ರದ ಪ್ರಶ್ನೆ ಆರಿಸಿ ಜೆರಾಕ್ಸ್ ಮಾಡಿಸಿದೆ. ಮೊದಲು ಎರಡು ದಿನ ಎಲ್ಲರಿಗೂ ಕಾಗದ ಮಡಚಿಸಿ, ಕತ್ತರಿಸಿ, ಕನ್ನಡಿ ಹಿಡಿಸಿ ಆಟ ಆಡಿಸಿದೆ. ಯಾರಿಗೂ ಹೊಸದು ಅನ್ನಿಸಬಾರದು ಅಂತ. ಆಮೇಲೆ ಐದನೇ ತರಗತಿಯ 24 ಮಕ್ಕಳಿಗೂ ಕೊಟ್ಟೆ. ಒಬ್ಬರನ್ನೂ ಬಿಡಲಿಲ್ಲ. ಅವತ್ತು ಬಾರದ ಇಬ್ಬರಿಗೆ ಮಾರನೇ ದಿನ ಕೊಟ್ಟೆ.

ಮೊದಲ ಐದರಲ್ಲಿ ಮೂವರು ನನ್ನ ಪಟ್ಟಿಯಲ್ಲಿ ಇಲ್ಲದವರು. ಒಬ್ಬ ತೊದಲುವ ಹುಡುಗ. ನಾನು ಅವನನ್ನು ಎದ್ದು ನಿಲ್ಲಿಸಿ ಕೇಳುವುದನ್ನೇ ಬಿಟ್ಟಿದ್ದೆ, ಪಾಪ ಮುಜುಗರ ಆಗುತ್ತದೆ ಅಂತ. ಇನ್ನೊಬ್ಬ ಬಿಸಿಯೂಟದ ಹೊತ್ತಿಗೆ ಮಾತ್ರ ಗೆಲುವಾಗಿರುವ ಹುಡುಗ. ಮೂರನೆಯವಳು ಆ ಹುಣಸೆ ಬೀಜದ ಹುಡುಗಿ. ಇಪ್ಪತ್ತಕ್ಕೆ ಹದಿನೆಂಟು. ಕಾಗದದ ತೂತಿನ ಪ್ರಶ್ನೆ ಒಂದೂ ತಪ್ಪಿರಲಿಲ್ಲ. ಹೇಗೆ ಮಾಡಿದೆ ಅಂತ ಕೇಳಿದೆ.

“ಚುಕ್ಕಿ ರಂಗೋಲಿ ಇದ್ದಂಗೆ ಐತಲ್ಲ ಮಿಸ್. ಅರ್ಧ ಬಿಟ್ರೆ ಇನ್ನರ್ಧ ಎಲ್ಲಿ ಬರ್ತೈತೆ ಅಂತ ಗೊತ್ತಾಗ್ತೈತೆ.”

ಆಗ ನನಗೆ ಹದಿಮೂರು ಬೀಜ ನೆನಪಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತು ಚಿತ್ರದ ಪ್ರಶ್ನೆಯಿಂದ ಮಗುವಿನ ಬುದ್ಧಿ ಅಳೆದೆ ಅಂತ ನಾನು ತಿಳಿದುಕೊಂಡಿಲ್ಲ. ಕಥೆ ಕಟ್ಟುವ ಮಗು, ಹಾಡು ಒಂದು ಸಲ ಕೇಳಿ ಹಾಡುವ ಮಗು, ಜಗಳ ಬಿಡಿಸುವ ಮಗು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಪ್ರತಿಭಾ ಕಾರಂಜಿ ಇದೆ. ಕಂಠಪಾಠ, ಆಶುಭಾಷಣ, ಕ್ಲೇ ಮಾಡೆಲಿಂಗ್, ಕ್ಲಸ್ಟರಿನಿಂದ ರಾಜ್ಯದವರೆಗೆ. ಒಳ್ಳೆಯದೇ. ಆದರೆ ಅಲ್ಲೂ ಮೊದಲು ಟೀಚರ್ ಯಾರನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ನಾನು ಕೊಟ್ಟ ಆ ಚಿತ್ರದ ಪರೀಕ್ಷೆ ಮಕ್ಕಳ ಬಗ್ಗೆ ಹೇಳಿದ್ದಕ್ಕಿಂತ ನನ್ನ ಕಣ್ಣಿನ ಬಗ್ಗೆ ಹೇಳಿದ್ದೇ ಜಾಸ್ತಿ.

ಹುಡುಗಿಯಿಂದ ನವೋದಯಕ್ಕೆ ಅರ್ಜಿ ಹಾಕಿಸಿದೆ. ಮೊರಾರ್ಜಿಗೂ ಹಾಕಿಸಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ನಮ್ಮ ರಾಜ್ಯ ಸರ್ಕಾರದವು. ಅಲ್ಲಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ನಾಲ್ಕು ತಿಂಗಳು ಸಂಜೆ ಹೊತ್ತು ಭಿನ್ನರಾಶಿ, ದಶಮಾಂಶ ಹೇಳಿಕೊಟ್ಟೆ. ಹುಣಸೆ ಕಾಲದಲ್ಲಿ ಅವಳು ಕಳೆದುಕೊಂಡ ಪಾಠಗಳೇ ಅವು. ಎಷ್ಟು ತುಂಬಿದರೂ ಎಲ್ಲೋ ಒಂದು ತೂತು.

ನವೋದಯದ ಪಟ್ಟಿಯಲ್ಲಿ ಅವಳ ನಂಬರ್ ಇರಲಿಲ್ಲ. ಮೊರಾರ್ಜಿಯಲ್ಲಿ ಸೀಟು ಸಿಕ್ಕಿತು. ಅಜ್ಜಿಯ ಹತ್ತಿರ ಹೋದೆ. ಅವರು ಹುಣಸೆ ಕುಟ್ಟುತ್ತಲೇ ಮಾತಾಡಿದರು.

“ಟೀಚರಮ್ಮ, ನೀವು ಒಳ್ಳೇದಕ್ಕೇ ಹೇಳ್ತೀರ. ಆದ್ರೆ ಇವ್ಳನ್ನ ಅಷ್ಟ್ ದೂರ ಕಳ್ಸಿ ನಾನ್ ಎಂಗಿರ್ಲಿ? ಚಿಕ್ಕೋನ್ನ ಯಾರ್ ನೋಡ್ಕಂತಾರೆ? ಇವ್ರಮ್ಮ ಬರಾದು ಹಬ್ಬಕ್ಕೊಂದ್ ಸಲ.”

ಎರಡು ಸಲ ಹೋದೆ, ಮೂರು ಸಲ ಹೋದೆ. ಮೂರನೇ ಸಲ ಅಜ್ಜಿ ನನಗೆ ಮಜ್ಜಿಗೆ ಕೊಟ್ಟು ಸುಮ್ಮನೆ ಕೂತರು. ಅವರಿಗೂ ನೋವಿತ್ತು ಅಂತ ಆಗ ಗೊತ್ತಾಯಿತು. ಊರಿಗೆ ವಾಪಸ್ ಬರುವಾಗ ಅಜ್ಜಿಯ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ. ಹನ್ನೊಂದು ವರ್ಷದ ಮಗು ಮನೆ ಬಿಟ್ಟು ಹೋಗದಿದ್ದರೆ ಅದಕ್ಕೆ ತಕ್ಕ ಓದು ಸಿಗುವುದಿಲ್ಲ ಅಂತ ಮಾಡಿಟ್ಟವರು ಅಜ್ಜಿ ಅಲ್ಲ.

ಜೂನ್‌ನಲ್ಲಿ ಅವಳು ಆರನೇ ತರಗತಿಗೆ ನಮ್ಮ ಶಾಲೆಯಲ್ಲೇ ಬಂದು ಕೂತಳು. ನೀಲಿ ಸಮವಸ್ತ್ರ, ಅದೇ ಬೆಂಚು. ನನ್ನನ್ನು ನೋಡಿ ನಕ್ಕಳು. ನನ್ನ ಹತ್ತಿರ ಅವಳಿಗೆ ಕೊಡಲು ಏನೂ ಇರಲಿಲ್ಲ. ನಿಜವಾಗಿ ಏನೂ ಇರಲಿಲ್ಲ. ಒಂದು ವರ್ಷ ಪೂರ್ತಿ ನಾನು ಅವಳನ್ನು ಇಲ್ಲಿಂದ ಕಳಿಸುವುದು ಹೇಗೆ ಅಂತ ಯೋಚಿಸಿದ್ದೆ. ಇಲ್ಲೇ ಉಳಿದರೆ ಏನು ಕಲಿಸಬೇಕು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಇದು ನನ್ನೊಬ್ಬಳ ಕಥೆ ಅಲ್ಲ. ನವೋದಯ, ಮೊರಾರ್ಜಿ, ರಾಜ್ಯದ ಆದರ್ಶ ವಿದ್ಯಾಲಯಗಳು, ಎಲ್ಲವೂ ಪರೀಕ್ಷೆ ಮಾಡಿ ಆರಿಸಿಕೊಂಡು ಬೇರೆ ಕಡೆಗೆ ಕರೆದುಕೊಂಡು ಹೋಗುತ್ತವೆ. ಹೋದವರಿಗೆ ಒಳ್ಳೆಯದಾಗುತ್ತದೆ. ಆದರೆ ನವೋದಯ ಬರೆದ ನೂರು ಮಕ್ಕಳಲ್ಲಿ ತೊಂಬತ್ತೇಳು ಮಕ್ಕಳು ಅದೇ ಊರಿನ ಶಾಲೆಗೆ ಅಥವಾ ಪಕ್ಕದ ಶಾಲೆಗೆ ಹೋಗಿ ಕೂರುತ್ತಾರೆ. ನಾಲ್ಕನೆಯವನು, ಐದನೆಯವಳು, ಒಂದೆರಡು ಅಂಕದಲ್ಲಿ ತಪ್ಪಿದವರು ಮಾರನೇ ದಿನದಿಂದ ಚುರುಕು ಮಕ್ಕಳಾಗಿ ಉಳಿಯುವುದಿಲ್ಲವಾ? ಪರೀಕ್ಷೆಯಲ್ಲಿ ಆಗಲಿಲ್ಲ ಅನ್ನುವುದನ್ನೇ ಅವರ ಬುದ್ಧಿಯ ತೀರ್ಪು ಅಂತ ನಾವೂ ನಂಬುತ್ತೇವೆ, ಅವರೂ ನಂಬುತ್ತಾರೆ. ಇದು ನನ್ನನ್ನು ಬಹಳ ಕಾಡುತ್ತದೆ.

ಶಾಲೆಗೆ ಯಾರಾದರೂ ಮೇಲಿನವರು ಬಂದರೆ ನಿಧಾನ ಕಲಿಯುವ ಮಕ್ಕಳ ಪಟ್ಟಿ ಎಲ್ಲಿ, ಪರಿಹಾರ ಬೋಧನೆ ಹೇಗೆ ನಡೀತಿದೆ ಅಂತ ಕೇಳುತ್ತಾರೆ. ಕೇಳಬೇಕಾದ್ದೇ. ಆ ಮಕ್ಕಳ ಹಕ್ಕು ಅದು. ಬೇಗ ಕಲಿತು ಮುಗಿಸಿ ಕಿಟಕಿ ನೋಡುತ್ತಾ ಕೂತ ಮಗುವಿಗೆ ಏನು ಮಾಡುತ್ತಿದ್ದೀರಿ ಅಂತ ನನ್ನನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ.

ವಿಚಿತ್ರ ಅಂದರೆ ಇದಕ್ಕೆ ಬೇಕಾದ ದಾರಿ ನಮ್ಮ ಶಾಲೆಯ ಮೊದಲ ಕೊಠಡಿಯಲ್ಲೇ ಇತ್ತು. ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ರಿಷಿವ್ಯಾಲಿ ಶಾಲೆಯ ಮಾದರಿ ನೋಡಿಕೊಂಡು ನಮ್ಮ ಶಿಕ್ಷಕರೇ ಸೇರಿ ಕಟ್ಟಿದ್ದು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅದರಲ್ಲಿ ಒಂದು ಕಲಿಕಾ ಏಣಿ ಇರುತ್ತದೆ. ಪಾಠವೆಲ್ಲ ಸಣ್ಣ ಸಣ್ಣ ಮೆಟ್ಟಿಲು, ಮೆಟ್ಟಿಲಿಗೊಂದು ಕಾರ್ಡು. ಮಗು ತನ್ನ ವೇಗದಲ್ಲಿ ಹತ್ತುತ್ತದೆ. ನಾಲ್ಕು ದಿನ ಬಾರದಿದ್ದರೆ ಬಿಟ್ಟ ಮೆಟ್ಟಿಲಿಂದಲೇ ಶುರು. ನಿಧಾನ ಕಲಿಯುವ ಮಗು ಹಿಂದೆ ಬೀಳಬಾರದು ಅಂತ ಇದನ್ನು ಮಾಡಿದ್ದು. ಆದರೆ ಅದೇ ಏಣಿಯಲ್ಲಿ ಬೇಗ ಹತ್ತುವ ಮಗುವನ್ನೂ ಯಾರೂ ತಡೆಯುವುದಿಲ್ಲ. ಶಿಕ್ಷಕರ ಸಹಾಯ ಬೇಕಾದವರ ಗುಂಪು ಒಂದು, ಗೆಳೆಯರ ಸಹಾಯದಲ್ಲಿ ಕಲಿಯುವವರ ಗುಂಪು ಇನ್ನೊಂದು, ತಾನೇ ಕಲಿಯುವವರ ಗುಂಪು ಮತ್ತೊಂದು. ಒಂದೇ ಕೊಠಡಿ, ಯಾರೂ ಎಲ್ಲಿಗೂ ಹೋಗಬೇಕಿಲ್ಲ.

ಇದು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದರೆ ಎಲ್ಲರ ಕೈಗೂ ಒಂದೇ ಪುಸ್ತಕ, ಒಂದೇ ಪುಟ, ಒಂದೇ ದಿನ. ಏಣಿ ಇಲ್ಲ. ಆ ಏಣಿಯನ್ನು ಏಳನೇ ತರಗತಿಯವರೆಗೆ ಉದ್ದ ಮಾಡಲು ಯಾಕೆ ಆಗುವುದಿಲ್ಲ ಅಂತ ನಾನು ಕೇಳಿದ್ದೇನೆ. ಅಷ್ಟು ವಿಷಯಗಳಿಗೆ ಕಾರ್ಡು ಮಾಡುವುದು ಕಷ್ಟ, ಶಿಕ್ಷಕರು ಕಡಿಮೆ, ಎಲ್ಲ ನಿಜ. ಆದರೂ ಗಣಿತಕ್ಕೆ ಮಾತ್ರವಾದರೂ ಮಾಡಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಇನ್ನೊಂದು ವಿಷಯ. ಆ ಹುಡುಗಿಗೆ ನಾನು ಬಯ್ದದ್ದು ನಲಿಕಲಿ ಕೊಠಡಿಯಲ್ಲೇ. ಏಣಿ ಇದ್ದರೂ ಟೀಚರಿಗೆ ಕಣ್ಣು ಬೇಕು.

ಹಿಂದೆ ಡಬಲ್ ಪ್ರಮೋಷನ್ ಅಂತ ಇತ್ತು. ನಮ್ಮ ಮಾವ ಮೂರನೇ ಕ್ಲಾಸಿಂದ ಐದಕ್ಕೆ ಹಾರಿದ್ದನ್ನು ಈಗಲೂ ಹೇಳಿಕೊಳ್ಳುತ್ತಾರೆ. ಈಗ ವಯಸ್ಸಿಗೆ ತಕ್ಕ ತರಗತಿ ಅನ್ನುವುದೇ ನಿಯಮ. ಅದಕ್ಕಿಂತ ಹಿಂದೆ ಮೇಷ್ಟ್ರೇ ದಾರಿ. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ ಓದಿದ ಎಚ್. ನರಸಿಂಹಯ್ಯನವರು ಮೇಷ್ಟ್ರೊಬ್ಬರ ಒತ್ತಾಸೆಯಿಂದ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಬಸ್ಸಿಗೆ ಕಾಸಿರಲಿಲ್ಲ. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಈ ಕಥೆ ಕೇಳಿದಾಗಲೆಲ್ಲ ನಾವು ಆ ಹುಡುಗನ ಕಾಲಿನ ಬಗ್ಗೆ ಮಾತಾಡುತ್ತೇವೆ. ನನಗೆ ಆ ಮೇಷ್ಟ್ರ ಬಗ್ಗೆ ಯೋಚನೆ ಬರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ಬಗ್ಗೆ ಕೆಲವು ಪ್ಯಾರಾಗಳಿವೆ. ಪ್ರತಿಭಾವಂತ ಮಕ್ಕಳಿಗೆ ಹೆಚ್ಚುವರಿ ಸಾಮಗ್ರಿ ಕೊಡಬೇಕು, ಶಾಲೆಗಳಲ್ಲಿ ವಿಷಯವಾರು ಕ್ಲಬ್ಬುಗಳಿರಬೇಕು, ಬಿ.ಎಡ್.ನಲ್ಲಿ ಇದನ್ನು ವಿಶೇಷವಾಗಿ ಓದಲು ಅವಕಾಶ ಇರಬೇಕು ಅಂತ. ಬೆಂಗಳೂರಿನ ನಿಯಾಸ್ ಸಂಸ್ಥೆಯಲ್ಲಿ ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಬಗ್ಗೆ ವರ್ಷಗಳಿಂದ ಸಂಶೋಧನೆ ನಡೆದಿದೆ. ಇವೆಲ್ಲ ನಮ್ಮ ಶಾಲೆಯ ಗೇಟಿನ ಒಳಗೆ ಇನ್ನೂ ಬಂದಿಲ್ಲ. ಬರುವ ಬದಲು ಹೋಗಿದ್ದೂ ಇದೆ. 1963ರಲ್ಲಿ ಶುರುವಾದ ಪ್ರತಿಭಾನ್ವೇಷಣೆ ಪರೀಕ್ಷೆ, ಎಲ್ಲರ ಬಾಯಲ್ಲಿ ಎನ್‌ಟಿಎಸ್‌ಇ, 2021ರ ನಂತರ ನಿಂತುಬಿಟ್ಟಿತು. ಹತ್ತನೇ ತರಗತಿಯ ಎಷ್ಟೋ ಮಕ್ಕಳಿಗೆ ಅದೊಂದು ಗುರಿಯಾಗಿತ್ತು.

ಹಾಗಾದರೆ ಆರನೇ ತರಗತಿಯ ಆ ಹುಡುಗಿಗೆ ನಾನು ಏನು ಮಾಡಿದೆ?

ಮೊದಲು ಮಾಡಿದ್ದು ತಪ್ಪು. ನಾವೆಲ್ಲ ಮಾಡುವ ತಪ್ಪೇ. ಬೇಗ ಮುಗಿಸಿದ ಮಗುವನ್ನು ಲೀಡರ್ ಮಾಡುವುದು. ಹೋಗು, ಅವರಿಗೆ ಮಗ್ಗಿ ಹೇಳಿಸು, ಇವರ ನೋಟ್‌ಬುಕ್ ನೋಡು, ಗಲಾಟೆ ಮಾಡುವವರ ಹೆಸರು ಬರಿ. ಎರಡು ತಿಂಗಳು ಅವಳು ನನ್ನ ಅರ್ಧ ಕೆಲಸ ಮಾಡಿದಳು. ಒಂದು ದಿನ “ಮಿಸ್, ನಾನ್ ಯಾವಾಗ ಕಲೀಲಿ?” ಅಂದಳು. ಜಗಳದ ದನಿಯಲ್ಲಿ ಅಲ್ಲ, ಸುಮ್ನೆ ಕೇಳಿದಳು. ಅವತ್ತಿಗೆ ಅದನ್ನು ಬಿಟ್ಟೆ. ಬೇರೆಯವರಿಗೆ ಹೇಳಿಕೊಡುವುದರಿಂದ ಮಗು ಕಲಿಯುವುದು ಉಂಟು. ಆದರೆ ಅದೇ ಅದರ ಪಾಲಿನ ಪೂರ್ತಿ ಊಟ ಆಗಬಾರದು.

ಆಮೇಲೆ ಅವಳಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಉತ್ತರ ಬರೆಯಲು ಅಲ್ಲ, ಪ್ರಶ್ನೆ ಬರೆಯಲು. ತೊದಲುವ ಹುಡುಗನಿಗೂ ಒಂದು ಕೊಟ್ಟೆ. ತರಗತಿಯ ಲೆಕ್ಕದಲ್ಲಿ ಕೊನೆಯ ಐದು ಕಷ್ಟದ್ದನ್ನು ಮೊದಲು ಮಾಡಿ ತೋರಿಸಿದರೆ ಉಳಿದ ಇಪ್ಪತ್ತು ಮಾಡಬೇಕಿಲ್ಲ ಅಂತ ಹೇಳಿದೆ. ಈ ರಿಯಾಯಿತಿ ಯಾರಿಗೆ ಬೇಕಾದರೂ ಉಂಟು ಅಂತ ಇಡೀ ಕ್ಲಾಸಿಗೆ ಹೇಳಿದೆ. ಮೊದಲ ವಾರ ಇಬ್ಬರು ಪ್ರಯತ್ನಿಸಿದರು, ದೀಪಾವಳಿ ಹೊತ್ತಿಗೆ ಒಂಬತ್ತು ಜನ. ನಾನು ಎಣಿಸಿದ್ದಕ್ಕಿಂತ ಜಾಸ್ತಿ. ಶನಿವಾರ ಬೆಳಗಿನ ಶಾಲೆ ಬಿಟ್ಟಮೇಲೆ ಒಂದು ಗಂಟೆ ಕೂರುತ್ತಿದ್ದೆವು. ಬೇಕಾದವರು ಬರಬಹುದು. ಹುಡುಗಿಯ ತಮ್ಮನೂ ಬಂದು ಪಕ್ಕದಲ್ಲಿ ಮಲಗಿರುತ್ತಿದ್ದ.

ಅವಳು ಎಂಟನೇ ತರಗತಿಗೆ ಪಕ್ಕದೂರಿನ ಸರ್ಕಾರಿ ಹೈಸ್ಕೂಲಿಗೆ ಹೋದಳು. ಅಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದಳು. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ವಿದ್ಯಾರ್ಥಿವೇತನ ಅದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಮಕ್ಕಳು, ಮನೆಯ ಆದಾಯ 3.5 ಲಕ್ಷದ ಒಳಗಿರಬೇಕು. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಖಾತೆಗೆ ಬರುತ್ತದೆ. ಮಗು ಇದ್ದ ಊರಲ್ಲೇ ಇದ್ದು ಓದಬಹುದು. ಪಾಠದಲ್ಲಿ ಏನೂ ಬದಲಾಗುವುದಿಲ್ಲ ಅನ್ನುವ ಕೊರಗು ನನಗೆ ಅದರ ಮೇಲೂ ಇದೆ. ಆದರೆ ಮೊದಲ ಕಂತು ಬಂದ ವರ್ಷ ಶಿವರಾತ್ರಿ ಹೊತ್ತಿಗೆ ಆ ಬೀದಿಯಲ್ಲಿ ಹೋಗುತ್ತಿದ್ದೆ. ಅಜ್ಜಿ ಕೂಗಿ ಕರೆದರು. ಒಬ್ಬರೇ ಕೂತು ಕುಟ್ಟುತ್ತಿದ್ದರು.

“ಟೀಚರಮ್ಮ, ಈ ಸಲ ಅವ್ಳು ಹುಣಸೆ ಕುಟ್ಟಾಕ್ ಬರಾದ್ ಬ್ಯಾಡ ಅಂದಿವ್ನಿ. ಸ್ಕೂಲ್ಗೆ ಹೋಗವ್ಳೆ.”

ಶನಿವಾರ ಮಧ್ಯಾಹ್ನ ಅವಳು ಈಗಲೂ ಒಮ್ಮೊಮ್ಮೆ ನಮ್ಮ ಶಾಲೆಗೆ ಬರುತ್ತಾಳೆ. ಮೊನ್ನೆ ಬಂದಾಗ ಆ ಇನ್ನೂರು ಪುಟದ ನೋಟ್‌ಬುಕ್ ತಂದಿದ್ದಳು. ಮೂಲೆಗಳೆಲ್ಲ ಸುರುಳಿ ಸುತ್ತಿಕೊಂಡಿವೆ. ಅದರಲ್ಲಿ ಒಂದರಿಂದ ಐನೂರರವರೆಗೆ ಸಂಖ್ಯೆ ಬರೆದು, ಸಾಲಾಗದ ಸಂಖ್ಯೆಗಳಿಗೆ ಸುತ್ತು ಹಾಕಿದ್ದಳು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು. ಮುಂದೆ ಹೋದ ಹಾಗೆ ಸುತ್ತುಗಳು ಕಡಿಮೆ ಆಗುತ್ತಾ ಹೋಗಿದ್ದವು.

“ಮಿಸ್, ಇವು ಎಲ್ಲಾದ್ರೂ ಮುಗೀತವಾ?”

ನನಗೆ ಗೊತ್ತಿರಲಿಲ್ಲ. ಮುಗಿಯುವುದಿಲ್ಲ ಅಂತ ಕೇಳಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಅವಳ ಹೈಸ್ಕೂಲಿನ ಗಣಿತದ ಸರ್‌ಗೆ ಫೋನ್ ಮಾಡಿದೆ. ಅವರು ಊಟಕ್ಕೆ ಕೂತಿದ್ದರು. ಆದರೂ ಎದ್ದು ಬಂದು ಮಾತಾಡಿದರು. “ಇಷ್ಟೇ ಇವೆ ಅಂತ ಒಂದು ಪಟ್ಟಿ ಮಾಡ್ಕೊಳ್ಳೋಕೆ ಹೇಳಿ ಮೇಡಂ. ಅವನ್ನೆಲ್ಲ ಒಂದಕ್ಕೊಂದು ಗುಣಿಸಲಿ. ಬಂದಿದ್ದಕ್ಕೆ ಒಂದು ಕೂಡಿಸಲಿ. ಆ ಸಂಖ್ಯೆನ ಪಟ್ಟಿಲಿರೋ ಒಂದೊಂದರಿಂದಲೂ ಭಾಗಿಸಿ ನೋಡಲಿ. ಮುಂದಿಂದು ಹೇಳಬೇಡಿ.”

ಅವಳು ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಬರೆದಳು. ಎರಡು, ಮೂರು, ಐದು. ಗುಣಿಸಿದರೆ ಮೂವತ್ತು. ಒಂದು ಕೂಡಿಸಿದರೆ ಮೂವತ್ತೊಂದು. ಎರಡರಿಂದ ಭಾಗಿಸಿದಳು. ಮೂರರಿಂದ ಭಾಗಿಸಿದಳು. ಐದರಿಂದ ಭಾಗಿಸಿದಳು. ಏಳನ್ನೂ ಸೇರಿಸಿ ಇನ್ನೂರ ಹನ್ನೊಂದು ಮಾಡಿ ಮತ್ತೆ ಅದೇ. ಆಮೇಲೆ ಬರೆಯುವುದನ್ನು ನಿಲ್ಲಿಸಿ ನೆಲವನ್ನೇ ನೋಡುತ್ತಾ ಕೂತಳು. ನಾನು ಬಾಯಿ ಬಿಡಲಿಲ್ಲ. ಹೊರಗೆ ಅವಳ ತಮ್ಮ ಸೈಕಲ್ ಟೈರು ಓಡಿಸುತ್ತಿದ್ದ.

ಅವಳು ತಲೆ ಎತ್ತಿದಳು. ಮೂರನೇ ತರಗತಿಯಲ್ಲಿ ನೋಡಿದ್ದ ಅದೇ ಕಣ್ಣು.

“ಎಂಗ್ ಸಾಲ್ ಇಟ್ರೂ ಒಂದ್ ಬೀಜ ಉಳ್ಕಂತೈತೆ, ಮಿಸ್.”

“ಹೇಳು,” ಅಂದೆ. “ಮುಂದೆ ಹೇಳು.”